ಅರುಣಾಚಲದ ಕಣಜದ ಕಂಬಕ್ಕೆ ಸುತ್ತಿದ್ದ ತಗಡು ಯಾವ ವಿಮಾನದ್ದು?

ತೀರ್ಥಹಳ್ಳಿ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಅರುಣಾಚಲ ಪ್ರದೇಶದಲ್ಲಿ ರಸ್ತೆ ಕೆಲಸದ ಸೈಟ್ ಎಂಜಿನಿಯರ್. ಪಾಸಿಘಾಟ್‌ನಿಂದ ಮೇಲೆ, ಸಿಯಾಂಗ್ ಕಣಿವೆಯಲ್ಲಿ ಎರಡು ವರ್ಷದಿಂದ ಇದ್ದೇನೆ.

ಹೋದ ತಿಂಗಳು ನಮ್ಮ ಜೊತೆ ಕೆಲಸ ಮಾಡುವ ಆದಿ ಬುಡಕಟ್ಟಿನ ಹುಡುಗನೊಬ್ಬ ಅವನ ಊರಿಗೆ ಕರೆದುಕೊಂಡು ಹೋದ. ರಸ್ತೆ ಮುಗಿದ ಮೇಲೆ ನಾಲ್ಕು ಗಂಟೆ ನಡಿಗೆ. ಅಲ್ಲಿ ಭತ್ತದ ಕಣಜಗಳನ್ನು ಮನೆಗಳಿಂದ ದೂರ, ಕಂಬಗಳ ಮೇಲೆ ಕಟ್ಟುತ್ತಾರೆ. ಇಲಿ ಹತ್ತದ ಹಾಗೆ ಕಂಬದ ತಲೆಗೆ ಮರದ ಬಿಲ್ಲೆ ಕೂರಿಸಿರುತ್ತಾರೆ. ಅವನ ಅಜ್ಜಿಯ ಕಣಜದ ಒಂದು ಕಂಬಕ್ಕೆ ಮಾತ್ರ ಬಿಲ್ಲೆ ಇರಲಿಲ್ಲ, ತಗಡು ಸುತ್ತಿತ್ತು. ಕೈಯಲ್ಲಿ ಮುಟ್ಟಿದರೆ ಅಲ್ಯುಮಿನಿಯಂ. ಸಾಲಾಗಿ ರಿವೆಟ್. ಒಳಮೈಗೆ ಹಳದಿ ಮಿಶ್ರಿತ ಹಸಿರು ಬಣ್ಣ. ಒಂದು ಅಂಚಿನಲ್ಲಿ ಸಣ್ಣ ಬ್ರಾಕೆಟ್ ಹಾಗೇ ಉಳಿದಿದೆ. ಅದರ ಮೇಲೆ ಒತ್ತಿದ ಅಂಕಿಗಳು. ಶುರುವಿನ "20-" ಸ್ಪಷ್ಟವಾಗಿದೆ, ಆಮೇಲಿನದು ಸವೆದಿದೆ.

ಅಜ್ಜಿಗೆ 80 ದಾಟಿರಬೇಕು. ಅವರ ಅಪ್ಪ ಬೇಟೆಗೆ ಹೋದಾಗ ತಂದಿದ್ದಂತೆ. "ಮೇಲೆ ಇನ್ನೂ ಇದೆ, ದೊಡ್ಡದು" ಅಂತ ಬೆಟ್ಟದ ಕಡೆ ಕೈ ತೋರಿಸಿದರು.

2006ರಲ್ಲಿ ಇದೇ ಜಿಲ್ಲೆಯ ದಮ್ರೋ ಹತ್ತಿರ ಎರಡನೇ ಮಹಾಯುದ್ಧದ ಬಾಂಬರ್ ವಿಮಾನ, ಒಂದು ಬಿ-24 ಲಿಬರೇಟರ್ ಸಿಕ್ಕಿದ್ದನ್ನು ಓದಿದ್ದೇನೆ. ಹಾಗಾದರೆ ಇದೂ ಲಿಬರೇಟರ್ ಇರಬಹುದಾ? ಅಜ್ಜಿ ಕೊಟ್ಟರೆ ಆ ತಗಡನ್ನು ಊರಿಗೆ ತರಬಹುದಾ? ಆ ಮಧ್ಯಾಹ್ನದಿಂದ ನನಗೆ ಬೇರೆ ಯೋಚನೆಯೇ ಬರುತ್ತಿಲ್ಲ. ಗೊತ್ತಿರುವವರು ದಯವಿಟ್ಟು ತಿಳಿಸಿ.

ವಿಮಾನಪುರದವರು

ತಮ್ಮಾ, ನಿಮ್ಮ ಪೋಸ್ಟನ್ನು ಮೂರು ಸಲ ಓದಿದೆ. ನನಗೀಗ 71. ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ಇದೇ ಹುಚ್ಚು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಿಮ್ಮ ಪ್ರಶ್ನೆ. ಲಿಬರೇಟರ್ ಅಲ್ಲ ಅನಿಸುತ್ತದೆ. ಆಗಿನ ಅಮೆರಿಕದ ಕಂಪನಿಗಳು ಬಿಡಿಭಾಗಗಳ ನಂಬರನ್ನು ಸಾಮಾನ್ಯವಾಗಿ ತಮ್ಮ ಮಾಡೆಲ್ ನಂಬರ್‌ನಿಂದ ಶುರು ಮಾಡುತ್ತಿದ್ದವು. ಲಿಬರೇಟರ್ ಕನ್ಸಾಲಿಡೇಟೆಡ್ ಕಂಪನಿಯ 32ನೇ ಮಾಡೆಲ್. ಅದರ ಭಾಗಗಳಲ್ಲಿ 32 ಇರುತ್ತದೆ, ಅದರ ಬೆನ್ನಿಗೇ ಒಂದು ಅಕ್ಷರ. ಅದೇ ಕಂಪನಿಯ ಕ್ಯಾಟಲಿನಾ 28. ಕರ್ಟಿಸ್ ಕಂಪನಿಯ 20ನೇ ಮಾಡೆಲ್ ಅಂದರೆ ಸಿ-46 ಕಮಾಂಡೊ. 20 ಆದ ಮೇಲೆ ಅಡ್ಡಗೆರೆ, ಮತ್ತೆ ಅಂಕಿ. ನೀವು ಓದಿದ್ದು ಸರಿಯಾಗಿದ್ದರೆ ಆ ಬೆಟ್ಟದಲ್ಲಿರುವುದು ಕಮಾಂಡೊ. ಎರಡು ಎಂಜಿನ್, 108 ಅಡಿ ರೆಕ್ಕೆ. ಬಾಂಬ್ ಹಾಕುವುದಲ್ಲ, ಸಾಮಾನು ಹೊರುವುದು.

ಅದು ಅಲ್ಲಿಗೆ ಯಾಕೆ ಬಂತು ಅಂತ ನಿಮಗೆ ಗೊತ್ತಿರಬಹುದು, ಬೇರೆಯವರಿಗಾಗಿ ಹೇಳುತ್ತೇನೆ. 1942ರಲ್ಲಿ ಜಪಾನಿನವರು ಬರ್ಮಾ ರಸ್ತೆಯನ್ನು ಕಡಿದರು. ಚೀನಾಕ್ಕೆ ನೆಲದ ಮೇಲೆ ಸಾಮಾನು ಹೋಗುವ ದಾರಿ ಮುಚ್ಚಿತು. ಆಗ ಅಸ್ಸಾಂನ ದಿಂಜಾನ್, ಚಬುವಾ, ಮೋಹನ್‌ಬಾರಿಯಂಥ ಟೀ ತೋಟದ ಮಧ್ಯದ ರನ್‌ವೇಗಳಿಂದ ಕುನ್ಮಿಂಗ್‌ಗೆ ಸುಮಾರು 500 ಮೈಲಿ, ಹಿಮಾಲಯದ ತುದಿಯ ಮೇಲೆ ಹಾರಬೇಕಾಯಿತು. ಪೈಲಟ್‌ಗಳು ಆ ದಾರಿಯನ್ನು "ಹಂಪ್" ಅಂದರು, ಗೂನು ಬೆನ್ನು. ಪೆಟ್ರೋಲು, ಬಾಂಬು, ಔಷಧಿ, ನೋಟಿನ ಕಂತೆ ಎಲ್ಲ ಹೋಯಿತು. 1945ರೊಳಗೆ ಸುಮಾರು ಆರೂವರೆ ಲಕ್ಷ ಟನ್. ಅದಕ್ಕೆ ಕೊಟ್ಟ ಬೆಲೆ ಸುಮಾರು 600 ವಿಮಾನ, ಸಾವಿರಕ್ಕೂ ಹೆಚ್ಚು ಜನ. ಗುಂಡೇಟಿಗೆ ಸಿಕ್ಕಿದ್ದು ಕಡಿಮೆ. ಮೋಡ, ಗಾಳಿ, ರೆಕ್ಕೆ ಮೇಲೆ ಕಟ್ಟುವ ಮಂಜುಗಡ್ಡೆ, ಇವೇ ಜಾಸ್ತಿ ಬಲಿ ತೆಗೆದುಕೊಂಡವು. ಕಮಾಂಡೊ 1943ರಲ್ಲಿ ಬಂದಾಗ ಅದಕ್ಕೆ ಇನ್ನೂ ಎಷ್ಟೋ ದೋಷಗಳಿದ್ದವು. ಪೆಟ್ರೋಲು ಸೋರಿ ರೆಕ್ಕೆಯ ಬುಡದಲ್ಲಿ ನಿಂತು ಸಿಡಿಯುತ್ತಿತ್ತು. ಆದರೂ ಹಾರಿಸಿದರು, ಯಾಕೆಂದರೆ ಅಷ್ಟು ಭಾರ ಹೊರುವ ಬೇರೆ ವಿಮಾನಗಳು ಸಾಕಷ್ಟು ಇರಲಿಲ್ಲ.

ಇನ್ನು ಬೆಂಗಳೂರಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ಇದೆ. ನಮ್ಮಪ್ಪ 1942ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ಗೆ ಫಿಟ್ಟರ್ ಹೆಲ್ಪರ್ ಆಗಿ ಸೇರಿದರು. ವಾಲ್‌ಚಂದ್ ಹಿರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ 1940ರ ಕೊನೆಯಲ್ಲಿ ಶುರು ಮಾಡಿದ ಕಾರ್ಖಾನೆ, ಇವತ್ತಿನ ಎಚ್‌ಎಎಲ್. 1943ರಲ್ಲಿ ಅದನ್ನು ನಡೆಸುವ ಕೆಲಸ ಅಮೆರಿಕದ ಸೇನೆಯ ಕೈಗೆ ಹೋಯಿತು, 84ನೇ ಏರ್ ಡಿಪೋ. ಅಸ್ಸಾಂ, ಬರ್ಮಾ ಕಡೆ ದಣಿದ ವಿಮಾನಗಳು ರಿಪೇರಿಗೆ ಇಲ್ಲಿಗೆ ಬರುತ್ತಿದ್ದವು. ಕ್ಯಾಟಲಿನಾ ನೀರಿನ ಮೇಲೆ ಇಳಿಯುವ ವಿಮಾನ ಅಲ್ವಾ, ಅವು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಅಪ್ಪ ಆಗ ತೆಳ್ಳಗಿದ್ದರಂತೆ. ರಿವೆಟ್ ಹೊಡೆಯುವಾಗ ಹಿಂದಿನಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಲು ಅವರನ್ನು ರೆಕ್ಕೆಯೊಳಗೆ ತೂರಿಸುತ್ತಿದ್ದರು. ಕಿವಿ ಆಗಲೇ ಹೋಯಿತು. ಸಾಯುವ ತನಕ ರೇಡಿಯೋ ಜೋರಾಗಿ ಇಡುತ್ತಿದ್ದರು.

ಅವರು ಹೇಳಿದ ಒಂದು ಮಾತಿನಿಂದ ನನಗೆ ಈ ಹುಚ್ಚು ಹತ್ತಿದ್ದು. ಡಕೋಟಾ ಅನ್ನುವ ಸಾಮಾನು ಹೊರುವ ವಿಮಾನವೊಂದರ ನೆಲದ ಹಲಗೆ ಎತ್ತಿದಾಗ ಕೆಳಗೆ ಒಣಗಿದ ಲದ್ದಿ ಮತ್ತು ಹುಲ್ಲು ಸಿಕ್ಕಿತಂತೆ. ಎಲ್ಲರೂ ಬೈದುಕೊಂಡು ತೆಗೆದರು. ಆಮೇಲೆ ಒಬ್ಬ ಅಮೆರಿಕನ್ ಸಾರ್ಜೆಂಟ್ ವಿವರಿಸಿದನಂತೆ, ಬರ್ಮಾದ ಕಾಡಿನೊಳಕ್ಕೆ ಹೇಸರಗತ್ತೆಗಳನ್ನು ಇದರಲ್ಲಿ ಹೊತ್ತುಕೊಂಡು ಹೋಗಿದ್ದೆವು ಅಂತ. 1944ರಲ್ಲಿ ಜಪಾನಿನವರ ಬೆನ್ನ ಹಿಂದೆ ಕಾಡಿನಲ್ಲಿ ಹೋರಾಡಿದ ಚಿಂದಿತ್ ದಳಗಳಿಗೆ ಹಾಗೆ ಕತ್ತೆಗಳನ್ನು ಇಳಿಸಿದ್ದು ನಿಜ, ಎಷ್ಟೋ ವರ್ಷದ ನಂತರ ನಾನೇ ಓದಿ ಖಾತ್ರಿ ಮಾಡಿಕೊಂಡೆ. ಹತ್ತು ವರ್ಷದ ಹುಡುಗನಿಗೆ ವಿಮಾನದಲ್ಲಿ ಕತ್ತೆ ಅಂದರೆ ಏನಾಗಬೇಡ! ತಗಡಿನ ಕೆಳಗೆ ಇಂಥ ಕಥೆ ಇರುತ್ತದೆ ಅಂತ ಅವತ್ತು ಗೊತ್ತಾಯಿತು.

ಈಗ ನೀವು ಮಾಡಬೇಕಾದ್ದು. ಬ್ರಾಕೆಟ್ಟನ್ನು ತಿಕ್ಕಬೇಡಿ, ತೊಳೆಯಲೂ ಬೇಡಿ. ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ, ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ಸವೆದ ಅಂಕಿಯ ನೆರಳು ಎದ್ದು ಬರುತ್ತದೆ. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ, ಹಾಗೂ ಮಾಡಿ. ಪಕ್ಕದಲ್ಲಿ ಸ್ಕೇಲ್ ಇರಲಿ. ಮೇಲೆ ಹೋಗುವ ಅವಕಾಶ ಸಿಕ್ಕರೆ ಎಂಜಿನ್ ಹುಡುಕಿ, ಸಿಲಿಂಡರ್ ಎಣಿಸಿ. ಲಿಬರೇಟರ್, ಡಕೋಟಾ, ಕ್ಯಾಟಲಿನಾ ಮೂರಕ್ಕೂ ಒಂದೇ ಜಾತಿಯ ಎಂಜಿನ್. ಏಳು ಏಳರ ಎರಡು ಸುತ್ತು, ಒಟ್ಟು 14. ಕಮಾಂಡೊಗೆ ಒಂಬತ್ತು ಒಂಬತ್ತು, ಒಟ್ಟು 18.

ಇದನ್ನು ಮಾತ್ರ ಮರೆಯಬೇಡಿ. ಗುಂಡು, ಸಿಡಿಮದ್ದು ಕಂಡರೆ ಮುಟ್ಟದೆ ಪೊಲೀಸರಿಗೆ ಹೇಳಿ. ಮೀಟರ್ ಸಿಕ್ಕರೆ ಕೆರೆಯಬೇಡಿ, ಆಗಿನ ಮುಳ್ಳುಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಮೂಳೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಗಾಂವ್ ಬುಢಾ, ಅಂದರೆ ಊರಿನ ಮುಖ್ಯಸ್ಥರಿಗೆ ಮತ್ತು ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಿ. ಊರಿನ ಹೆಸರನ್ನು ಇಲ್ಲಿ ಹಾಕದೆ ಒಳ್ಳೆಯದು ಮಾಡಿದ್ದೀರಿ, ಹಾಕಬೇಡಿ.

ಗುಬ್ಬಿ ಮಂಜ

ಸರ್ ಬರೆದಿದ್ದು ತುಂಬಾ ಚೆನ್ನಾಗಿದೆ. ಆದರೆ ನನಗೊಂದು ಅನುಮಾನ. ಆ ಕಾಡಿನಲ್ಲಿ ಬಿಟ್ಟರೆ ಇವತ್ತಲ್ಲ ನಾಳೆ ಯಾರೋ ಗುಜರಿಗೆ ಹಾಕುತ್ತಾರೆ. ಅಜ್ಜಿ ಪ್ರೀತಿಯಿಂದ ಕೊಟ್ಟರೆ ತಂದು ಬೆಂಗಳೂರಿನ ಮ್ಯೂಸಿಯಂನಲ್ಲಿ ಇಡೋದು ಒಳ್ಳೆಯದಲ್ವಾ? ನಮ್ಮ ಮಕ್ಕಳೂ ನೋಡಬಹುದು.

ವಿಮಾನಪುರದವರು

ಮಂಜು ಅವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ನಾನೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿದ್ದೆ. ಅದಕ್ಕೇ ನನ್ನ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದ ಚಕೇರಿಯಲ್ಲಿ ಲಿಬರೇಟರ್‌ಗಳನ್ನು ಯಾರೂ ಬಳಸದ ಹಾಗೆ ಹಾಳು ಮಾಡಿ ಬಿಟ್ಟು ಹೋದರು. ನಮ್ಮವರು ಅವುಗಳಲ್ಲೇ ಆರಿಸಿ, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹಾರುವಷ್ಟು ಮಟ್ಟಿಗೆ ತಂದರು. ಎಚ್‌ಎಎಲ್‌ನ ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಶಿ ಅವುಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ರಿಪೇರಿಯಾಗಿ 40ಕ್ಕೂ ಹೆಚ್ಚು ವಿಮಾನಗಳು ವಾಯುಪಡೆ ಸೇರಿದವು. 1948ರಿಂದ 1968ರ ತನಕ, ಇಪ್ಪತ್ತು ವರ್ಷ ದುಡಿದವು. ಇವತ್ತು ಇಂಗ್ಲೆಂಡ್, ಅಮೆರಿಕ, ಕೆನಡಾದ ಮ್ಯೂಸಿಯಂಗಳಲ್ಲಿ ಲಿಬರೇಟರ್ ಕಂಡರೆ, ಅದರಲ್ಲಿ ಕೆಲವು ನಮ್ಮ ವಾಯುಪಡೆಯಿಂದ ಹೋದವು. ಗುಜರಿ ಅಂತ ಬಿಟ್ಟದ್ದನ್ನು ಬೆಂಗಳೂರಿನ ಕೈಗಳು ಎತ್ತಿ ನಿಲ್ಲಿಸದಿದ್ದರೆ ಅವು ಇರುತ್ತಲೇ ಇರಲಿಲ್ಲ. ಅಪ್ಪ ಆ ಕೆಲಸದಲ್ಲೂ ಇದ್ದರು. ಈ ವಿಷಯ ಬಂದಾಗ ಮಾತ್ರ ಅವರ ಎದೆ ಉಬ್ಬುತ್ತಿತ್ತು.

ನಾನು ಆಗ 23-24ರವನು. ಶಿವಾಜಿನಗರದ ಗುಜರಿ ಅಂಗಡಿಯೊಂದರಲ್ಲಿ ವಿಮಾನದ ಒಂದು ಮುಚ್ಚಳ ಸಿಕ್ಕಿತು. ಒಂದೂವರೆ ಅಡಿ ಅಗಲ. ಹನ್ನೆರಡು ರೂಪಾಯಿ ಕೊಟ್ಟೆ. ಅಪ್ಪನಿಗೆ ತೋರಿಸಿ ಖುಷಿ ಪಡಿಸಬೇಕು ಅಂತ ಮೂರು ಭಾನುವಾರ ಕೂತು ಎಮೆರಿ ಕಾಗದ ಹಾಕಿ ತಿಕ್ಕಿದೆ. ಕನ್ನಡಿ ಹಾಗೆ ಹೊಳೆಯಿತು. ಗೋಡೆಗೆ ತೂಗು ಹಾಕಿದೆ. ಅಪ್ಪ ಬಂದು ನೋಡಿದರು. ತಿರುಗಿಸಿ ಹಿಂದೆ ನೋಡಿದರು, ಅಲ್ಲಿಯೂ ತಿಕ್ಕಿದ್ದೆ. ಬೆರಳಲ್ಲಿ ಸವರಿದರು. "ಒಳಗಡೆ ಶಾಯಿಯಲ್ಲಿ ನಂಬರ್ ಇರ್ತಿತ್ತು ಕಣೋ. ಕೆಲವು ಸಲ ಕೆಲಸ ಮಾಡಿದವರು ಹೆಸರೂ ಬರೀತಿದ್ರು" ಅಂದರು. ಅಷ್ಟೇ. ಬೈಯಲಿಲ್ಲ.

ಅದು ಯಾವ ವಿಮಾನದ್ದು, ಎಲ್ಲಿಂದ ಬಂತು, ಯಾರು ಬರೆದಿದ್ದರು? ಇವತ್ತಿಗೂ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಅದೀಗಲೂ ನನ್ನ ಕೋಣೆಯಲ್ಲಿದೆ. ಬರೀ ಅಲ್ಯುಮಿನಿಯಂ.

ಆ ಅಜ್ಜಿಯ ಕಂಬದ ತಗಡಿಗೆ ಮಾತು ಇದೆ. ಯಾಕೆಂದರೆ ಅದು ಯಾವ ಬೆಟ್ಟದಿಂದ ಬಂತು, ಯಾರು ತಂದರು ಅಂತ ಹೇಳುವ ಒಬ್ಬರು ಪಕ್ಕದಲ್ಲೇ ಇದ್ದಾರೆ. ಬೆಂಗಳೂರಿಗೆ ತಂದ ದಿನ ಅದು ಇನ್ನೊಂದು ತಗಡಾಗುತ್ತದೆ. ಮ್ಯೂಸಿಯಂ ಬೇಕು ಅಂದರೆ ಪಾಸಿಘಾಟ್‌ನಲ್ಲೇ ಇದೆ. ಹಂಪ್ ಬಗ್ಗೆಯೇ ಕಟ್ಟಿದ್ದು, 2023ರ ನವೆಂಬರ್‌ನಲ್ಲಿ ತೆರೆಯಿತು. ಮರುವರ್ಷವೇ ಮಗಳ ಜೊತೆ ಹೋಗಿದ್ದೆ. ಅಲ್ಲಿನ ಪ್ರೊಪೆಲ್ಲರ್ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ, ಮಗಳು ಬಂದು ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಅಜ್ಜಿಯ ಮನೆಯವರು ಕೊಡಬೇಕು ಅಂತಿದ್ದರೆ ಅಲ್ಲಿಗೆ ಕೊಡಲಿ. ಕೊಡದಿದ್ದರೂ ಸರಿ. 80 ವರ್ಷ ಭತ್ತ ಕಾದಿದೆ, ಅದಕ್ಕೆ ಅವರ ಮನೆಯೇ ಜಾಗ.

ಇನ್ನೊಂದು. ಆ ಕಮಾಂಡೊದಲ್ಲಿ ನಾಲ್ಕೋ ಐದೋ ಹುಡುಗರಿದ್ದಿರಬೇಕು. ಎರಡನೇ ಮಹಾಯುದ್ಧದಲ್ಲಿ ಕಾಣೆಯಾದ 70 ಸಾವಿರಕ್ಕೂ ಹೆಚ್ಚು ಅಮೆರಿಕನ್ನರ ಲೆಕ್ಕ ಇನ್ನೂ ಸಿಕ್ಕಿಲ್ಲ. ಅವರನ್ನು ಹುಡುಕಲೆಂದೇ ಅಲ್ಲಿ ಒಂದು ಸರ್ಕಾರಿ ಸಂಸ್ಥೆ ಇದೆ. ದಮ್ರೋ ಹತ್ತಿರದ ಲಿಬರೇಟರನ್ನು ಹುಡುಕಿದ್ದು ಕ್ಲೇಟನ್ ಕೂಲ್ಸ್ ಅನ್ನುವವರು, ಸ್ವಂತ ಆಸಕ್ತಿಯಿಂದ ನಡೆದು ಹೋಗಿ. ಅದರಲ್ಲಿ ಎಂಟು ಜನರಿದ್ದರು, 1944ರ ಜನವರಿ 25ರಂದು ಬಿದ್ದದ್ದು. ಸಂಸ್ಥೆಯವರು ಅಲ್ಲಿ ಅಗೆಯಲು ಬಂದದ್ದು 2015ರಲ್ಲಿ. ಮರುವರ್ಷ ಏಪ್ರಿಲ್‌ನಲ್ಲಿ ದೆಹಲಿಯಿಂದ ಅವಶೇಷಗಳನ್ನು ಗೌರವದಿಂದ ಕಳಿಸಿದರು. ಜಾಗ ಕೆದಕದೆ ಇದ್ದರೆ ಮಾತ್ರ ಅಂಥ ಕೆಲಸ ಆಗುತ್ತದೆ.

ರೆಡಿಂಗ್ ಕನ್ನಡತಿ

ನಾನು ಇಂಗ್ಲೆಂಡ್‌ನಲ್ಲಿದ್ದೇನೆ. ರಜೆ ಸಿಕ್ಕಾಗಲೆಲ್ಲ ಲಂಡನ್ನಿನ ಕ್ಯೂ ಅನ್ನುವ ಜಾಗದಲ್ಲಿರುವ ರಾಷ್ಟ್ರೀಯ ದಾಖಲೆಗಳ ಕಚೇರಿಯಲ್ಲಿ ಬರ್ಮಾ ಯುದ್ಧದ ಸ್ಕ್ವಾಡ್ರನ್ ಡೈರಿಗಳನ್ನು ಓದುತ್ತೇನೆ. ಬ್ರಿಟಿಷ್ ವಿಮಾನ ಆಗಿದ್ದರೆ ನಾನೇ ಹೋಗಿ ನೋಡುತ್ತಿದ್ದೆ. ಆದರೆ ಕಮಾಂಡೊ ಅಂದರೆ ಅಮೆರಿಕದ ಕಡತ ಬೇಕು.

1943ರ ಮಧ್ಯದಿಂದ ಅಮೆರಿಕದ ವಾಯುಸೇನೆ ಕಾಣೆಯಾದ ಪ್ರತಿ ವಿಮಾನಕ್ಕೂ ಒಂದು ವರದಿ ಬರೆಯುತ್ತಿತ್ತು. ಎಲ್ಲಿಂದ ಹೊರಟಿತು, ಕೊನೆಗೆ ಎಲ್ಲಿ ಕಂಡಿತು, ಹವೆ ಹೇಗಿತ್ತು, ಒಳಗೆ ಯಾರಿದ್ದರು, ಅವರ ಮನೆಯವರು ಯಾರು ಅಂತ. ಮೊದಲ ಪುಟದಲ್ಲೇ ಎಂಜಿನ್‌ಗಳ ಸೀರಿಯಲ್ ನಂಬರ್ ಇರುತ್ತದೆ. ಹಾಗಾಗಿ ತಮ್ಮ, ಬಾಲದ ಮೇಲಿನ ನಂಬರ್ ಸಿಗದಿದ್ದರೂ ಎಂಜಿನ್ನಿನ ಮೇಲಿನ ಸಣ್ಣ ಪ್ಲೇಟ್ ಸಿಕ್ಕರೆ ಸಾಕು, ವಿಮಾನ ಸಿಕ್ಕ ಹಾಗೆ. ಈ ಕಡತಗಳು ಈಗ ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನ ವೆಬ್‌ಸೈಟ್‌ನಲ್ಲಿವೆ.

ಸರ್ ಹೇಳಿದ್ದಕ್ಕೆ ಒಂದು ಸೇರಿಸಬೇಕು. ಹಂಪ್ ಮೇಲೆ ಚೀನಾದ ನಾಗರಿಕ ವಿಮಾನ ಕಂಪನಿ ಸಿ.ಎನ್.ಎ.ಸಿ. ಕೂಡ ಹಾರುತ್ತಿತ್ತು, ಅವರ ಹತ್ತಿರವೂ ಕಮಾಂಡೊಗಳಿದ್ದವು. ಅವರ ವಿಮಾನ ಆಗಿದ್ದರೆ ಸೇನೆಯ ಕಡತದಲ್ಲಿ ಸಿಗುವುದಿಲ್ಲ. ಹುಡುಕಿ ಸಿಗದಿದ್ದರೆ ಎದೆಗುಂದಬೇಡ.

ಹೋದ ವರ್ಷ ಸಿಂಗಪುರದ ಕ್ರಾಂಜಿ ಯುದ್ಧ ಸ್ಮಾರಕಕ್ಕೆ ಹೋಗಿದ್ದೆ. ಸಮಾಧಿಯೇ ಸಿಗದ 24 ಸಾವಿರ ಸೈನಿಕರ, ವಾಯುಪಡೆಯವರ ಹೆಸರುಗಳನ್ನು ಕಲ್ಲಿನ ಮೇಲೆ ಕೊರೆದಿದ್ದಾರೆ. ಡೈರಿಯಲ್ಲಿ "ಹಿಂತಿರುಗಲಿಲ್ಲ" ಅಂತ ಒಂದೇ ಸಾಲಿನಲ್ಲಿ ಓದಿದ್ದ ಒಬ್ಬರ ಹೆಸರನ್ನು ಅಲ್ಲಿ ಹುಡುಕಿ ಮುಟ್ಟಿದೆ. ಅವರು ನನಗೆ ಯಾರೂ ಅಲ್ಲ. ಆದರೂ ಅಳು ಬಂತು.

ವಿಮಾನಪುರದವರು

ಸಿ.ಎನ್.ಎ.ಸಿ. ಮಾತು ಸರಿಯಮ್ಮಾ, ನಾನು ಬಿಟ್ಟಿದ್ದೆ.

ತಮ್ಮಾ, ನಿನ್ನೆ ರಾತ್ರಿ ಇನ್ನೊಂದು ಹೊಳೆಯಿತು. ಅಜ್ಜಿಗೆ ಇಸವಿ ಕೇಳಬೇಡಿ. 1950ರ ಆಗಸ್ಟ್ 15ಕ್ಕೆ ಆ ಕಡೆ ಭಾರಿ ಭೂಕಂಪ ಆಯಿತು, 8.6 ತೀವ್ರತೆ. ಬೆಟ್ಟಗಳೇ ಜಾರಿದವು, ನದಿಗಳು ಕಟ್ಟಿಕೊಂಡವು. ಆ ವಯಸ್ಸಿನವರು ಅದನ್ನು ಮರೆತಿರುವುದಿಲ್ಲ. ಅಪ್ಪ ತಗಡು ತಂದದ್ದು ಭೂಮಿ ನಡುಗುವ ಮುಂಚೆನಾ ಆಮೇಲಾ ಅಂತ ಕೇಳಿ. ಅವರದೇ ಭಾಷೆಯಲ್ಲಿ ಹೇಳಲಿ, ಹುಡುಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ.

ತೀರ್ಥಹಳ್ಳಿ ಹುಡುಗ

ತಡವಾಗಿದ್ದಕ್ಕೆ ಕ್ಷಮಿಸಿ. ಮಳೆ, ನೆಟ್‌ವರ್ಕ್ ಇರಲಿಲ್ಲ. ಈಗ ಪಾಸಿಘಾಟ್‌ಗೆ ಬಂದು ಬರೆಯುತ್ತಿದ್ದೇನೆ.

ಮತ್ತೆ ಹೋಗಿದ್ದೆ. ಟಾರ್ಚ್ ಓರೆಯಾಗಿ ಹಿಡಿದಾಗ ಅಂಕಿಗಳು ಎದ್ದು ಬಂದವು, ಸರ್! ಕೈ ನಡುಗಿ ಮೊದಲ ಎರಡು ಫೋಟೋ ಹಾಳಾದವು. 20, ಅಡ್ಡಗೆರೆ, ಮೂರು ಅಂಕಿ, ಮತ್ತೆ ಅಡ್ಡಗೆರೆ, ಆಮೇಲೆ ನಾಲ್ಕು. ಕೊನೆಯ ಎರಡು ಓದಲು ಆಗುತ್ತಿಲ್ಲ. ಪೆನ್ಸಿಲ್ ಉಜ್ಜಿದ ಕಾಗದವನ್ನು ನಿಮಗೆ ಕಳಿಸುತ್ತೇನೆ.

ಮರುದಿನ ಅಜ್ಜಿಯ ಮೊಮ್ಮಗ ಮತ್ತು ಅವನ ಚಿಕ್ಕಪ್ಪ ಮೇಲೆ ಕರೆದುಕೊಂಡು ಹೋದರು. ಬೆಳಿಗ್ಗೆ ಐದಕ್ಕೆ ಹೊರಟು ಎರಡು ಗಂಟೆಗೆ ತಲುಪಿದೆವು. ಒಂದು ಹಳ್ಳದಲ್ಲಿ, ಕಲ್ಲುಗಳ ನಡುವೆ ಎಂಜಿನ್ ಅರ್ಧ ಹೂತುಹೋಗಿದೆ. ಎಣಿಸಿದೆ. ಮುಂದಿನ ಸುತ್ತಿನಲ್ಲಿ ಕಾಣುವುದು ಐದು. ಅವುಗಳ ನಡುವಿನ ಅಂತರ ಅಳೆದು ಲೆಕ್ಕ ಹಾಕಿದರೆ ಒಂಬತ್ತು ಬರುತ್ತದೆ. ಹಿಂದೆ ಇನ್ನೊಂದು ಸುತ್ತು ಇದೆ. ಪ್ಲೇಟ್ ಇರುವ ಭಾಗ ಮಣ್ಣಿನೊಳಗೆ. ನಾನು ಅಗೆಯಲಿಲ್ಲ. ಬೇರೇನೂ ಮುಟ್ಟಲಿಲ್ಲ.

ಅಜ್ಜಿ ಹೇಳಿದ್ದನ್ನು ರೆಕಾರ್ಡ್ ಮಾಡಿದ್ದೇವೆ. ತಗಡು ಬಂದದ್ದು ಭೂಕಂಪಕ್ಕಿಂತ ಮುಂಚೆ. ಅವರಿಗಾಗ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಓಡಾಡುವಷ್ಟು ವಯಸ್ಸು. ಭೂಮಿ ನಡುಗಿದಾಗ ಹಳೆಯ ಕಣಜ ಬಿದ್ದುಹೋಯಿತು. ಅಪ್ಪ ತಗಡನ್ನು ಹುಡುಕಿ ತಂದು ಹೊಸ ಕಂಬಕ್ಕೆ ಸುತ್ತಿದರಂತೆ.

ಆಮೇಲೆ ಅವರು ಹೇಳಿದ ಮಾತು ಕೇಳಿ ಸುಮ್ಮನೆ ಕೂತುಬಿಟ್ಟೆ. ವಿಮಾನ ಮೊದಲು ಹಳ್ಳದಲ್ಲಿರಲಿಲ್ಲವಂತೆ. ಅಪ್ಪ ಮೊದಲು ನೋಡಿದಾಗ ಮೇಲೆ, ಬೆಟ್ಟದ ಏಣಿನ ಮೇಲೆ, ಬಿದಿರಿನ ನಡುವೆ ಇತ್ತು. ಭೂಕಂಪಕ್ಕೆ ಆ ಏಣಿನ ಒಂದು ಮಗ್ಗುಲು ಪೂರ್ತಿ ಕೆಳಗೆ ಬಂತು. ಅದರ ಜೊತೆ ಇದೂ ಬಂತು.

ವಿಮಾನಪುರದವರು

ಅಗೆಯದೆ ಬಂದಿದ್ದೀರಲ್ಲ, ನಿಮ್ಮ ಕೈ ಹಿಡಿದು ಹೇಳಬೇಕು ಅನಿಸುತ್ತಿದೆ, ತುಂಬಾ ಒಳ್ಳೆಯದಾಯಿತು. 18 ಸಿಲಿಂಡರ್, ಜೊತೆಗೆ 20ರ ನಂಬರ್. ಕಮಾಂಡೊನೇ.

ಎಂಜಿನ್ ಹಳ್ಳಕ್ಕೆ ಜಾರಿದ್ದರೆ ಉಳಿದದ್ದೆಲ್ಲ ಅಲ್ಲೇ ಇರಬೇಕು ಅಂತೇನಿಲ್ಲ. ಬಾಲ, ರೆಕ್ಕೆ, ಆ ಹುಡುಗರು ಇನ್ನೂ ಮೇಲೆ ಇರಬಹುದು. ಸಂಸ್ಥೆಗೆ ಬರೆಯುವಾಗ ಎರಡು ಜಾಗವನ್ನೂ ಬರೆಯಬೇಕು, ಈಗಿನದು ಮತ್ತು ಅಜ್ಜಿ ಹೇಳಿದ್ದು. ಅಜ್ಜಿಯ ಮಾತನ್ನು ಪೂರ್ತಿ ಬರೆದು ಕಳಿಸಿ. ಇಂಗ್ಲಿಷ್ ಮಾಡುವ ಕೆಲಸ ನಾನು ಮತ್ತು ರೆಡಿಂಗ್‌ನ ತಂಗಿ ಮಾಡುತ್ತೇವೆ. ಕಡತದ ಕಡೆಯಿಂದ, ಸಿಯಾಂಗ್ ದಿಕ್ಕಿನಲ್ಲಿ ಕಾಣೆಯಾದ ಕಮಾಂಡೊಗಳನ್ನು ನಾನು ಇವತ್ತೇ ಪಟ್ಟಿ ಮಾಡಲು ಶುರು ಮಾಡುತ್ತೇನೆ.

ಮಳೆಗಾಲದಲ್ಲಿ ಮತ್ತೆ ಆ ಹಳ್ಳಕ್ಕೆ ಇಳಿಯಬೇಡಿ. ನವೆಂಬರ್ ಬರಲಿ. ಅಷ್ಟರಲ್ಲಿ ಒಂದೇ ಒಂದು ಕೆಲಸ. ಚಿಕ್ಕಪ್ಪನ ಜೊತೆ ಅಜ್ಜಿಯ ಅಂಗಳದಲ್ಲಿ ಕೂತು, ಭೂಕಂಪಕ್ಕೆ ಮುಂಚೆ ಆ ಏಣು ಹೇಗಿತ್ತು, ಬಿದಿರು ಯಾವ ಕಡೆ ಇತ್ತು ಅಂತ ಅವರ ಕೈಯಿಂದಲೇ ನೆಲದ ಮೇಲೆ ಗೆರೆ ಎಳೆಸಿ, ಫೋಟೋ ತೆಗೆಯಿರಿ. ಅದನ್ನು ಮುಂದಿನ ವಾರವೇ ಮಾಡಿ.